ಆರು ಜೀವಗಳ ಮೇಳ: ಪೋಕೆಮಾನ್ ತಂಡ ಕಟ್ಟುವ ವಿದ್ಯೆ ಬೆಳೆದು ಬಂದ ಬಗೆ

ಕಮ್ಮರಡಿ, ಕೊಪ್ಪ, ಶೃಂಗೇರಿ ಕಡೆ ಮಳೆಗಾಲದಲ್ಲಿ ಹುಡುಗರು ಫೋನ್ ಹಿಡಿದು ಮೂಲೆಗೆ ಕೂತರೆ ಮನೆಯ ಹಿರಿಯರು ಕೇಳುವ ಪ್ರಶ್ನೆ ಒಂದೇ: "ದುಡ್ಡು ಕಟ್ಟಿ ಆಡ್ತಿದ್ದೀಯೇನೋ?"

ಪ್ರಶ್ನೆ ತಪ್ಪಲ್ಲ. ಫೋನಿನ ರಮ್ಮಿಗೆ, ಬೆಟ್ಟಿಂಗ್ ಆಪ್‌ಗಳಿಗೆ ದುಡ್ಡು ಸುರಿದು ಸಾಲಕ್ಕೆ ಬಿದ್ದವರ ಕಥೆ ಯಾವ ಊರಿಗೂ ಹೊಸದಲ್ಲ. ಆದರೆ ಫೋನಿನಲ್ಲಿ ಆಡುವುದೆಲ್ಲ ಒಂದೇ ಚೀಲಕ್ಕೆ ಹಾಕುವ ಸಾಮಾನಲ್ಲ. ಹುಡುಗ ಆರು ವಿಚಿತ್ರ ಪ್ರಾಣಿಗಳ ಚಿತ್ರ ಮುಂದಿಟ್ಟುಕೊಂಡು, ಒಂದನ್ನು ತೆಗೆದು ಇನ್ನೊಂದನ್ನು ಹಾಕಿ, ಮತ್ತೆ ಹಳೆಯದನ್ನೇ ತಂದು, ಅರ್ಧ ಗಂಟೆ ಆಟವನ್ನೇ ಶುರು ಮಾಡದೆ ಕೂತಿದ್ದರೆ ಅವನು ಬಹುಶಃ ಪೋಕೆಮಾನ್ ತಂಡ ಕಟ್ಟುತ್ತಿದ್ದಾನೆ. ಈ ಕೆಲಸಕ್ಕೆ ಮೂವತ್ತು ವರ್ಷದ ಚರಿತ್ರೆ ಇದೆ. ಇದು ಜೂಜೋ ವಿದ್ಯೆಯೋ ಎಂದು ಜಗಳವಾಡುವ ಮೊದಲು ಆ ಚರಿತ್ರೆ ತಿಳಿದಿರುವುದು ಒಳ್ಳೆಯದು.

ಆಟದ ಮೂಲ ನಿಯಮ ಯಕ್ಷಗಾನ ನೋಡಿದವರಿಗೆ ಹೇಳಿಕೊಡಬೇಕಾಗಿಲ್ಲ. ರಂಗದ ಮೇಲೆ ಒಬ್ಬ ಆಗ್ನೇಯಾಸ್ತ್ರ ಬಿಟ್ಟರೆ ಇನ್ನೊಬ್ಬ ವಾರುಣಾಸ್ತ್ರ ಬಿಡುತ್ತಾನೆ. ವಾರುಣಕ್ಕೆ ವಾಯವ್ಯ. ಸರ್ಪಾಸ್ತ್ರಕ್ಕೆ ಗರುಡಾಸ್ತ್ರ. ಯಾವ ಅಸ್ತ್ರವೂ ಎಲ್ಲದಕ್ಕಿಂತ ದೊಡ್ಡದಲ್ಲ, ಪ್ರತಿಯೊಂದಕ್ಕೂ ಒಂದು ಮದ್ದು ಇದೆ. ಪೋಕೆಮಾನ್‌ನಲ್ಲೂ ಅಷ್ಟೇ: ಬೆಂಕಿಯ ಜೀವಿ ಹುಲ್ಲಿನದನ್ನು ಸುಡುತ್ತದೆ, ಹುಲ್ಲಿನದು ನೀರನ್ನು ಹೀರುತ್ತದೆ, ನೀರಿನದು ಬೆಂಕಿಯನ್ನು ಆರಿಸುತ್ತದೆ. ಇಂಥ ಗುಣಗಳಿಗೆ ಟೈಪ್ ಎನ್ನುತ್ತಾರೆ. ಮೊದಲು 15 ಇದ್ದವು, ಈಗ 18. ಒಂದು ಜೀವಿಗೆ ಎರಡು ಟೈಪ್ ಇರಬಹುದು, ಅದು ಕಲಿಯುವ ಪಟ್ಟುಗಳು ನಾಲ್ಕು ಮಾತ್ರ. ತಂಡದಲ್ಲಿ ಆರು ಜೀವಿ. ಇಷ್ಟೇ ಬಂಡವಾಳ.

ಸೈನ್ಯವನ್ನು ಬೇರೆ ಬೇರೆ ಬಲಗಳಿಂದ ಕಟ್ಟಬೇಕು ಎಂಬುದು ನಮಗೆ ಹಳೆಯ ಮಾತು. ಆನೆ, ಕುದುರೆ, ರಥ, ಕಾಲಾಳು ಸೇರಿದರೆ ಚತುರಂಗ ಬಲ. ಆ ಹೆಸರೇ ಚದುರಂಗದ ಹಾಸಿಗೆ ಇಳಿದು ಬಂತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ (1794–1868) ಈ ಹುಚ್ಚು ಎಷ್ಟಿತ್ತೆಂದರೆ, ಚದುರಂಗದ ಕುದುರೆ ಒಂದು ಮನೆಯನ್ನೂ ಎರಡು ಸಲ ಮುಟ್ಟದೆ 64 ಮನೆ ಸುತ್ತುವ ದಾರಿಗಳನ್ನು ಅವರು ಲೆಕ್ಕ ಹಾಕಿ ಇಟ್ಟರು. ಶ್ರೀತತ್ತ್ವನಿಧಿಯ ಒಂದು ಭಾಗದಲ್ಲಿ ಹಾಸಿನ ಆಟಗಳಿಗೇ ಜಾಗ ಕೊಟ್ಟರು. ಮೈಸೂರಿನ ಜಗನ್ಮೋಹನ ಅರಮನೆಗೆ ಹೋದವರು ಗೋಡೆಯ ಮೇಲೆ ಬರೆದ ಆಟದ ಹಾಸುಗಳನ್ನು ಕಂಡಿರಬಹುದು. ರಾಜರಿಗೆ ಆಟ ಎಂದರೆ ಹೊತ್ತು ಕಳೆಯುವ ಸಂಗತಿ ಮಾತ್ರ ಆಗಿರಲಿಲ್ಲ.

ಆದರೆ ಚದುರಂಗದಲ್ಲಿ ಇಬ್ಬರಿಗೂ ಸಿಗುವುದು ಒಂದೇ ಸೈನ್ಯ. ನನ್ನ ಕಡೆ ಎರಡು ಆನೆ ಇದ್ದರೆ ನಿಮ್ಮ ಕಡೆಯೂ ಎರಡೇ. ಪೋಕೆಮಾನ್‌ನಲ್ಲಿ ಹಾಗಲ್ಲ. ಸೈನ್ಯವನ್ನು ನೀವೇ ಆರಿಸಿ ತರಬೇಕು, ಎದುರಿನವನು ಏನು ತರುತ್ತಾನೆಂದು ಊಹಿಸಿ ತರಬೇಕು. ಅಂದರೆ ಇದು ಮೇಳ ಕಟ್ಟುವ ಯಜಮಾನನ ಕೆಲಸಕ್ಕೆ ಹೆಚ್ಚು ಹತ್ತಿರ. ಎರಡನೇ ವೇಷಕ್ಕೆ ಹೆಸರಾದವರನ್ನೇ ಆರು ಜನ ಸೇರಿಸಿಕೊಂಡರೆ ಮೇಳ ನಡೆಯುತ್ತದೆಯೇ? ಸ್ತ್ರೀವೇಷ ಬೇಕು, ಬಣ್ಣದ ವೇಷ ಬೇಕು, ಹಾಸ್ಯ ಬೇಕು. ರಾಕ್ಷಸ ಅಬ್ಬರಿಸಿ ಬರದಿದ್ದರೆ ದೇವರ ವೇಷಕ್ಕೂ ಕೆಲಸವಿಲ್ಲ.

ಈ ಆಟ ಹುಟ್ಟಿದ್ದು ಒಂದು ಪತ್ರಿಕೆಯಿಂದ. ಪತ್ರಿಕೋದ್ಯಮ ಓದಿದ ನಮಗೆ ಇದು ಬಹಳ ಇಷ್ಟವಾದ ಸಂಗತಿ, ಆದ್ದರಿಂದ ಸ್ವಲ್ಪ ನಿಂತು ಹೇಳುತ್ತೇವೆ.

ಸತೋಶಿ ತಾಜಿರಿ ಹುಟ್ಟಿದ್ದು 1965ರಲ್ಲಿ. ಬೆಳೆದದ್ದು ಟೋಕಿಯೊ ಪಕ್ಕದ ಮಾಚಿದ ಎಂಬಲ್ಲಿ. ಆಗ ಅಲ್ಲಿ ಗದ್ದೆ, ಕೆರೆ, ಕಾಡು ಇದ್ದವು. ಹುಡುಗ ದಿನವಿಡೀ ಹುಳ ಹಿಡಿಯುತ್ತಿದ್ದ. ಜತೆಯವರು ಅವನಿಗೆ ಹುಳದ ಡಾಕ್ಟರು ಎಂದೇ ಹೆಸರಿಟ್ಟಿದ್ದರು. ಊರು ಬೆಳೆದು, ಗದ್ದೆ ಮುಚ್ಚಿ, ಕಟ್ಟಡ ಎದ್ದಾಗ ಹುಳಗಳು ಹೋದವು. ನಮ್ಮ ಮಕ್ಕಳು ಇವತ್ತಿಗೂ ಬೆಂಕಿಪೊಟ್ಟಣದಲ್ಲಿ ಜೀರುಂಡೆ ಹಾಕಿಡುತ್ತಾರೆ. ಅದನ್ನು ಕಳೆದುಕೊಂಡ ಹುಡುಗನೊಬ್ಬ ದೊಡ್ಡವನಾದ ಮೇಲೆ ಏನು ಮಾಡಿದ ಎಂಬುದೇ ಈ ಕಥೆ.

ಆತ 1983ರಲ್ಲಿ ವಿಡಿಯೊ ಗೇಮ್ ಬಗ್ಗೆ ಒಂದು ಪತ್ರಿಕೆ ಶುರು ಮಾಡಿದ. ಹೆಸರು ಗೇಮ್ ಫ್ರೀಕ್. ಕೈಯಲ್ಲೇ ಬರೆದು, ಪಿನ್ ಹೊಡೆದು ಹಂಚುತ್ತಿದ್ದ ಪತ್ರಿಕೆ. ಅದನ್ನು ಓದಿ ಕೆನ್ ಸುಗಿಮೊರಿ ಎಂಬ ಚಿತ್ರಕಾರ ಜತೆಗೂಡಿದ. ಬೇರೆಯವರು ಮಾಡಿದ ಆಟಗಳ ಬಗ್ಗೆ ಬರೆದು ಬರೆದು, ಇವುಗಳಿಗಿಂತ ಒಳ್ಳೆಯದನ್ನು ನಾವೇ ಮಾಡಬಹುದಲ್ಲ ಅನ್ನಿಸಿ 1989ರಲ್ಲಿ ಅದೇ ಹೆಸರಿನಲ್ಲಿ ಕಂಪನಿ ಕಟ್ಟಿದರು. ನಿಂಟೆಂಡೊ ಆಗತಾನೆ ಗೇಮ್ ಬಾಯ್ ಎಂಬ ಕೈಯಲ್ಲಿ ಹಿಡಿಯುವ ಯಂತ್ರ ಬಿಟ್ಟಿತ್ತು. ಎರಡು ಯಂತ್ರಗಳನ್ನು ಒಂದು ವೈರ್‌ನಿಂದ ಜೋಡಿಸಬಹುದಿತ್ತು. ಆ ವೈರ್ ನೋಡಿದ ತಾಜಿರಿಗೆ ಅದರೊಳಗೆ ಒಂದು ಹುಳ ಈ ಕಡೆಯಿಂದ ಆ ಕಡೆಗೆ ತೆವಳಿ ಹೋದಂತೆ ಕಂಡಿತಂತೆ.

ಆರು ವರ್ಷ ಹಿಡಿಯಿತು. ಪೋಕೆಮಾನ್ ರೆಡ್ ಮತ್ತು ಗ್ರೀನ್ ಎಂಬ ಎರಡು ಆಟ ಜಪಾನಿನಲ್ಲಿ ಬಂದದ್ದು 1996ರ ಫೆಬ್ರವರಿ 27ರಂದು. ಒಟ್ಟು 151 ಜೀವಿಗಳು. ಎಲ್ಲವೂ ಒಂದೇ ಆಟದಲ್ಲಿ ಸಿಗುವುದಿಲ್ಲ, ಇನ್ನೊಬ್ಬರ ಜತೆ ಬದಲಾಯಿಸಿಕೊಳ್ಳಲೇಬೇಕು. ಬದಲಾಯಿಸಿಕೊಳ್ಳಲು ಇಬ್ಬರು ಕೂತ ಮೇಲೆ, ನಿನ್ನದು ಜೋರೋ ನನ್ನದು ಜೋರೋ ಎಂಬ ಮಾತು ಬಾರದೆ ಇರುತ್ತದೆಯೇ?

ಮೊದಲ ದಿನಗಳ ತಂಡಗಳನ್ನು ಸಮತೋಲನದ ತಂಡ ಎನ್ನಲು ಬರುವುದಿಲ್ಲ. ತಪ್ಪು ಆಟಗಾರರದಲ್ಲ, ಆಟದ್ದೇ. ಆಗ ಸೈಕಿಕ್, ಅಂದರೆ ಮನಸ್ಸಿನ ಬಲದಿಂದ ಹೊಡೆಯುವ ಟೈಪ್, ಯಾರ ಕೈಗೂ ಸಿಗುತ್ತಿರಲಿಲ್ಲ. ಪ್ರೇತದ ಪಟ್ಟುಗಳು ಸೈಕಿಕ್ ಮೇಲೆ ಜೋರಾಗಿ ಬೀಳಬೇಕಿತ್ತು. ಪ್ರೋಗ್ರಾಂನಲ್ಲಿ ಆದ ತಪ್ಪಿನಿಂದ ಅವು ಸೈಕಿಕ್ ಮೇಲೆ ಕೆಲಸವನ್ನೇ ಮಾಡುತ್ತಿರಲಿಲ್ಲ! ಉಳಿದದ್ದು ಹುಳದ ಪಟ್ಟು ಮಾತ್ರ, ಅವೆಲ್ಲ ಬಡಕಲು. ಹುಳ ಹಿಡಿದು ಬೆಳೆದವನ ಆಟದಲ್ಲಿ ಹುಳಗಳಿಗೇ ಬಲವಿಲ್ಲ ಎಂಬುದು ವಿಚಿತ್ರ. ಜತೆಗೆ ವೇಗ ಹೆಚ್ಚಿದ್ದಷ್ಟೂ ಮರ್ಮಕ್ಕೆ ಹೊಡೆತ ಬೀಳುವ ಸಾಧ್ಯತೆ ಹೆಚ್ಚು ಎಂಬ ನಿಯಮ ಬೇರೆ. ಟೌರೋಸ್ ಎಂಬ ಗೂಳಿಯ ಹೊಡೆತಗಳಲ್ಲಿ ಐದಕ್ಕೊಂದು ಮರ್ಮಕ್ಕೇ ಬೀಳುತ್ತಿತ್ತು. ನೂರಕ್ಕೆ ನೂರು ತಾಗುತ್ತದೆ ಎಂದು ಬರೆದ ಪಟ್ಟು ಕೂಡ 256ಕ್ಕೆ ಒಂದು ಸಲ ತಪ್ಪುತ್ತಿತ್ತು, ಅದೂ ಪ್ರೋಗ್ರಾಂನ ತಪ್ಪೇ.

ಹಾಗಾಗಿ ಎಲ್ಲರ ತಂಡವೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಗೂಳಿ ಟೌರೋಸ್, ಹೊಟ್ಟೆಬಾಕ ಸ್ನೋರ್ಲ್ಯಾಕ್ಸ್, ಎಷ್ಟು ಹೊಡೆದರೂ ಸಾಯದ ಚಾನ್ಸಿ, ಈ ಮೂರೂ ಇದ್ದೇ ಇರುತ್ತಿದ್ದವು. ಉಳಿದ ಮೂರು ಜಾಗದಲ್ಲಿ ಮಾತ್ರ ಆಟಗಾರನ ಸ್ವಂತ ಬುದ್ಧಿ.

ಇದನ್ನು ಸರಿಮಾಡಲು ಸ್ಪರ್ಧೆ ನಡೆಸುವವರು ಮೊದಲು ಹಿಡಿದದ್ದು ಲೆಕ್ಕದ ದಾರಿ. ಪೋಕೆಮಾನ್ ಸ್ಟೇಡಿಯಂ ಆಟದ ಪೋಕ್ ಕಪ್ ನಿಯಮ ನೋಡಿ: ಆರು ಜೀವಿಗಳನ್ನು ತಂದು ಮೂರನ್ನು ಇಳಿಸಬೇಕು. ಪ್ರತಿಯೊಂದರ ಮಟ್ಟ 50ರಿಂದ 55ರ ಒಳಗೆ ಇರಬೇಕು, ಇಳಿಸಿದ ಮೂರರ ಮಟ್ಟ ಸೇರಿಸಿದರೆ 155 ದಾಟಬಾರದು. ಒಂದನ್ನು 55ಕ್ಕೆ ಏರಿಸಿದರೆ ಉಳಿದೆರಡು 50ರಲ್ಲೇ ನಿಲ್ಲಬೇಕು. ಮನೆ ಖರ್ಚಿನ ಹಾಗೆ: ಒಬ್ಬನ ಮದುವೆ ಜೋರಾಗಿ ಮಾಡಿದರೆ ಉಳಿದವರದು ದೇವಸ್ಥಾನದಲ್ಲಿ.

ನಿಜವಾದ ತಿದ್ದುಪಡಿ ಬಂದದ್ದು 1999ರ ಕೊನೆಗೆ, ಗೋಲ್ಡ್ ಮತ್ತು ಸಿಲ್ವರ್ ಆಟಗಳಲ್ಲಿ. ಕತ್ತಲೆ ಮತ್ತು ಉಕ್ಕು ಎಂಬ ಎರಡು ಹೊಸ ಟೈಪ್ ಸೇರಿಸಿದರು. ಕತ್ತಲೆಗೆ ಸೈಕಿಕ್ ಹೊಡೆತ ತಾಗುವುದೇ ಇಲ್ಲ, ಉಕ್ಕು ಅದನ್ನು ಅರ್ಧಕ್ಕೆ ಇಳಿಸುತ್ತದೆ. ಪ್ರೇತದ ತಪ್ಪನ್ನೂ ಸರಿಮಾಡಿದರು. ಜೀವಿಯ ಕೈಗೆ ಒಂದು ವಸ್ತು ಕೊಡುವ ಅವಕಾಶ ಬಂತು. ನೆಲಕ್ಕೆ ಮುಳ್ಳು ಹಾಸುವ ಪಟ್ಟು, ಮಳೆ ಬಿಸಿಲು ಬರಿಸುವ ಪಟ್ಟುಗಳು ಬಂದವು.

ಈ ಕಾಲದಲ್ಲೇ ಜೋಡಿ ಎಂಬ ವಿಚಾರ ಗಟ್ಟಿಯಾಯಿತು. ಸ್ಕಾರ್ಮರಿ ಎಂಬ ಉಕ್ಕಿನ ಹಕ್ಕಿ, ಬ್ಲಿಸಿ ಎಂಬ ಗುಂಡು ದಾದಿ. ಮೈಯಿಂದ ಮೈಗೆ ಗುದ್ದುವ ಹೊಡೆತ ಬಂದರೆ ಹಕ್ಕಿ ಮುಂದೆ ನಿಲ್ಲುತ್ತದೆ. ಬೆಂಕಿ, ಮಿಂಚಿನಂಥ ದೂರದ ಹೊಡೆತ ಬಂದರೆ ದಾದಿ. ಹಕ್ಕಿಗೆ ಮಿಂಚು ಆಗುವುದಿಲ್ಲ, ದಾದಿಗೆ ಗುದ್ದು ಆಗುವುದಿಲ್ಲ. ಆದರೆ ಇಬ್ಬರೂ ಸೇರಿದರೆ ಎದುರಾಳಿಗೆ ತಲೆ ಚಚ್ಚಿಕೊಳ್ಳಲು ಗೋಡೆಯೇ ಸಿಗುತ್ತದೆ. ಒಬ್ಬರ ಕೊರತೆಯನ್ನು ಇನ್ನೊಬ್ಬರು ಮುಚ್ಚುವುದು ಎಂದರೆ ಇದೇ. ತೋಟದಲ್ಲಿ ಅಡಿಕೆ ನಡುವೆ ಕಾಳುಮೆಣಸು, ಏಲಕ್ಕಿ, ಬಾಳೆ ಹಾಕುವುದು ಯಾಕೆ? ಕೊಳೆರೋಗ ಬಂದು ಅಡಿಕೆ ಉದುರಿದ ವರ್ಷ ಮೆಣಸಾದರೂ ಕೈಹಿಡಿಯಲಿ ಎಂದು. ಎರಡಕ್ಕೂ ಒಂದೇ ರೋಗ ಬರುವಂತಿದ್ದರೆ ಮಿಶ್ರ ಬೆಳೆಗೆ ಅರ್ಥವಿಲ್ಲ.

2002ರ ನವೆಂಬರ್‌ನಲ್ಲಿ ಬಂದ ರೂಬಿ ಮತ್ತು ಸಫೈರ್ ಆಟಗಳಿಂದ ತಂಡ ಕಟ್ಟುವುದು ನಿಜಕ್ಕೂ ಒಂದು ವಿದ್ಯೆಯಾಯಿತು ಎಂದು ನಮ್ಮ ಅಭಿಪ್ರಾಯ. ಎರಡು ಕಾರಣ.

ಮೊದಲನೆಯದು, ಸಾಕುವ ಲೆಕ್ಕ ಬದಲಾಯಿತು. ಒಂದು ಜೀವಿಗೆ ಹಾಕಬಹುದಾದ ಅಭ್ಯಾಸದ ಅಂಕ ಒಟ್ಟು 510 ಎಂದಾಯಿತು. ಅದನ್ನು ಪ್ರಾಣ, ಹೊಡೆತ, ತಡೆ, ವೇಗ ಹೀಗೆ ಆರು ಗುಣಗಳಿಗೆ ಹಂಚಬೇಕು. ಒಂದೇ ಗುಣಕ್ಕೆ ಸುರಿದರೆ ಹೆಚ್ಚೆಂದರೆ 252 ಮಾತ್ರ ಪ್ರಯೋಜನಕ್ಕೆ ಬರುತ್ತದೆ. ನಿಮ್ಮ ಹತ್ತಿರ ಇಂತಿಷ್ಟು ಬುಟ್ಟಿ ಗೊಬ್ಬರ ಇದೆ, ಯಾವ ಗಿಡದ ಬುಡಕ್ಕೆ ಎಷ್ಟು ಎಂದು ನೀವೇ ಹೇಳಬೇಕು. ಅದಕ್ಕೂ ಮೊದಲು ಎಲ್ಲ ಗಿಡಕ್ಕೂ ತುಂಬ ಹಾಕಬಹುದಿತ್ತು, ಆದ್ದರಿಂದ ಯೋಚನೆ ಬೇಕಿರಲಿಲ್ಲ.

ಎರಡನೆಯದು, ಪ್ರತಿ ಜೀವಿಗೂ ಒಂದು ಹುಟ್ಟುಗುಣ ಬಂತು. ಮ್ಯಾಗ್ನೆಟಾನ್ ಎಂಬ ಅಯಸ್ಕಾಂತದ ಜೀವಿ ಎದುರಿನ ಉಕ್ಕಿನ ಜೀವಿಯನ್ನು ಹಿಡಿದು ನಿಲ್ಲಿಸುತ್ತದೆ, ಅದು ಓಡಿಹೋಗುವಂತಿಲ್ಲ. ಅಲ್ಲಿಗೆ ಸ್ಕಾರ್ಮರಿ ಸಿಕ್ಕಿಬಿದ್ದಿತು. ಹಕ್ಕಿ ಹೋದ ಮೇಲೆ ದಾದಿಯನ್ನು ಒಬ್ಬ ಗುದ್ದುವವನು ನೋಡಿಕೊಳ್ಳುತ್ತಾನೆ. ಜೋಡಿ ಎಷ್ಟು ಗಟ್ಟಿಯೋ ಅಷ್ಟೇ ಎಲ್ಲರಿಗೂ ಗೊತ್ತಾದದ್ದು, ಗೊತ್ತಾದದ್ದಕ್ಕೆ ಮದ್ದು ತರುತ್ತಾರೆ.

ಇಲ್ಲೇ ಶೆಡಿಂಜ ಎಂಬ ಜೀವಿಯ ಬಗ್ಗೆ ಹೇಳಲೇಬೇಕು, ನಮ್ಮ ಕಡೆಯವರಿಗೆ ಅದು ಖುಷಿ ಕೊಡುತ್ತದೆ. ಬೇಸಿಗೆಯಲ್ಲಿ ಮರದ ಕಾಂಡಕ್ಕೆ ಅಂಟಿಕೊಂಡ ಜೀರುಂಡೆಯ ಪೊರೆ ನೋಡಿದ್ದೀರಲ್ಲ, ಬೆನ್ನು ಸೀಳಿ ಹುಳ ಹೊರಗೆ ಹಾರಿ ಖಾಲಿ ಚಿಪ್ಪು ಉಳಿದಿರುತ್ತದೆ. ಆಟದಲ್ಲಿ ನಿಂಕಾಡ ಎಂಬ ಮರಿ ಬೆಳೆದು ನಿಂಜಾಸ್ಕ್ ಆಗಿ ಹಾರಿದಾಗ, ಬಿಟ್ಟುಹೋದ ಆ ಖಾಲಿ ಪೊರೆಯೇ ಶೆಡಿಂಜ. ಅದಕ್ಕೆ ಇರುವ ಪ್ರಾಣ ಒಂದೇ ಒಂದು ಅಂಕ. ಆದರೆ ಅದರ ದೌರ್ಬಲ್ಯದ ಟೈಪ್‌ನಿಂದ ಹೊಡೆದರೆ ಮಾತ್ರ ತಾಗುತ್ತದೆ, ಉಳಿದ ಯಾವ ನೇರ ಹೊಡೆತವೂ ಅದನ್ನು ಮುಟ್ಟುವುದಿಲ್ಲ. ಹಿರಣ್ಯಕಶಿಪುವಿನ ವರ ನೆನಪಾಗಲಿಲ್ಲವೇ? ಹಗಲಲ್ಲ ಇರುಳಲ್ಲ, ಒಳಗಲ್ಲ ಹೊರಗಲ್ಲ. ವರಕ್ಕೆ ಹೊಸ್ತಿಲಿನಂಥ ಸಂದು ಇದ್ದೇ ಇರುತ್ತದೆ, ಶೆಡಿಂಜಕ್ಕೆ ಅದು ಮರಳುಗಾಳಿ. ಗಾಳಿ ಎದ್ದರೆ ಆ ಒಂದು ಅಂಕವೂ ಹೋಯಿತು. ಅಂಥದ್ದನ್ನು ತಂಡಕ್ಕೆ ಹಾಕಿಕೊಂಡವನು ಗಾಳಿಯನ್ನೂ ಮುಳ್ಳನ್ನೂ ತೆಗೆಯುವ ಇನ್ನಿಬ್ಬರನ್ನು ಜತೆಗೆ ಹಾಕಿಕೊಳ್ಳಬೇಕು. ಒಬ್ಬನ ವರ ಇಬ್ಬರ ದುಡಿಮೆ.

ಹವಾಮಾನದ ಕಥೆ ಇನ್ನೂ ದೊಡ್ಡದು. ಮಳೆ ಸುರಿಯುವಾಗ ನೀರಿನ ಹೊಡೆತಕ್ಕೆ ಒಂದೂವರೆ ಪಟ್ಟು ಬಲ, ಬೆಂಕಿಗೆ ಅರ್ಧ. ಸಿಡಿಲು ತಪ್ಪುವುದೇ ಇಲ್ಲ. ಮಳೆಯಲ್ಲಿ ಕೆಲವು ಜೀವಿಗಳ ವೇಗ ದುಪ್ಪಟ್ಟು. ಮೊದಲು ಹೀಗೆ ಬಂದ ಕೂಡಲೇ ನಿಲ್ಲದ ಮಳೆ ಸುರಿಸುತ್ತಿದ್ದದ್ದು ಕ್ಯೋಗರ್ ಎಂಬ ಸಮುದ್ರದ ದೈತ್ಯ ಮಾತ್ರ, ಅದನ್ನು ಹೆಚ್ಚಿನ ಸ್ಪರ್ಧೆಗಳಲ್ಲಿ ಬಿಡುತ್ತಲೇ ಇರಲಿಲ್ಲ. 2010ರಲ್ಲಿ ಬ್ಲ್ಯಾಕ್ ಮತ್ತು ವೈಟ್ ಆಟಗಳ ಕಾಲಕ್ಕೆ ಪಾಲಿಟೋಡ್ ಎಂಬ ಸಾದಾ ಕಪ್ಪೆಗೂ ಆ ಗುಣ ಸಿಕ್ಕಿತು. ಬಯಲುಸೀಮೆಯಲ್ಲಿ ಮಳೆಗಾಗಿ ಕಪ್ಪೆಗಳಿಗೆ ಮದುವೆ ಮಾಡುತ್ತಾರೆ. ಇಲ್ಲಿ ಕಪ್ಪೆ ಬಂದು ಕೂತರೆ ಸಾಕು, ಆಗುಂಬೆಯ ಆಷಾಢ ಶುರು. ಎಲ್ಲರೂ ಕಪ್ಪೆಯನ್ನು ಹಾಕಿಕೊಂಡು, ಹಿಂದೆ ಮಳೆಯಲ್ಲಿ ಓಡುವ ಮೀನುಗಳನ್ನು ತುಂಬಿಕೊಂಡರು. ಆಟ ಮುರಿದೇಹೋಯಿತು. 2011ರಲ್ಲಿ ಸ್ಮೋಗನ್ ಎಂಬ ಆಟಗಾರರ ಬಳಗ ಒಂದು ತೀರ್ಮಾನಕ್ಕೆ ಬಂತು: ಮಳೆ ತರುವ ಗುಣವೂ ಮಳೆಯಲ್ಲಿ ಓಡುವ ಗುಣವೂ ಒಂದೇ ತಂಡದಲ್ಲಿ ಇರುವಂತಿಲ್ಲ. ಕಪ್ಪೆಗೂ ನಿಷೇಧವಿಲ್ಲ, ಮೀನಿಗೂ ಇಲ್ಲ, ಎರಡರ ಕೂಟಕ್ಕೆ ಮಾತ್ರ. ಯಾವ ಸರ್ಕಾರವೂ ಹೇಳದೆ ಆಟಗಾರರೇ ಚರ್ಚೆ ಮಾಡಿ, ಮತ ಹಾಕಿ ಮಾಡಿಕೊಂಡ ಕಾನೂನು ಅದು. 2013ರಲ್ಲಿ ಕಂಪನಿಯೂ ದಾರಿಗೆ ಬಂತು. ಎಕ್ಸ್ ಮತ್ತು ವೈ ಆಟಗಳಲ್ಲಿ ಹುಟ್ಟುಗುಣದ ಮಳೆ ಐದು ಸರದಿಗೆ ನಿಂತುಬಿಡುವ ಹಾಗೆ ಮಾಡಿದರು. ಎಲ್ಲೆಲ್ಲೂ ಮೆರೆಯುತ್ತಿದ್ದ ಡ್ರ್ಯಾಗನ್‌ಗಳನ್ನು ತಡೆಯಲು ಫೇರಿ ಎಂಬ 18ನೇ ಟೈಪ್ ತಂದದ್ದೂ ಆಗಲೇ.

ನಡುವೆ 2006ರ ಡೈಮಂಡ್ ಮತ್ತು ಪರ್ಲ್ ಆಟಗಳು ದೂರದವರ ಜತೆ ಇಂಟರ್ನೆಟ್‌ನಲ್ಲಿ ಕಾದಾಡುವ ದಾರಿ ತೆರೆದವು. ಅದೇ ಆಟದಲ್ಲಿ ಬಂದ ಟ್ರಿಕ್ ರೂಮ್ ಎಂಬ ಪಟ್ಟು ಹಾಕಿದರೆ ಐದು ಸರದಿ ಲೋಕ ತಲೆಕೆಳಗು: ಎಲ್ಲರಿಗಿಂತ ನಿಧಾನದ್ದು ಮೊದಲು ಹೊಡೆಯುತ್ತದೆ. ಕಂಬಳದಲ್ಲಿ ಕೊನೆಗೆ ಬಂದ ಕೋಣಕ್ಕೆ ಚಿನ್ನ ಕೊಟ್ಟ ಹಾಗೆ. ಅಲ್ಲಿಯವರೆಗೆ ಮೂಲೆಗೆ ಬಿದ್ದಿದ್ದ ಭಾರದ ಜೀವಿಗಳೆಲ್ಲ ಆಗ ಎದ್ದು ಬಂದವು.

ಅಧಿಕೃತ ವಿಶ್ವ ಚಾಂಪಿಯನ್‌ಶಿಪ್ ವಿಡಿಯೊ ಗೇಮಿಗೆ ಶುರುವಾದದ್ದು 2009ರಲ್ಲಿ, ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ. ಇಲ್ಲಿ ಒಂದಕ್ಕೆ ಒಂದರ ಕಾಳಗವಲ್ಲ, ಒಟ್ಟಿಗೆ ಎರಡೆರಡು ಇಳಿಯುತ್ತವೆ. ಈಗಿನ ನಿಯಮದ ಪ್ರಕಾರ ಆರು ತಂದು ನಾಲ್ಕನ್ನು ಆರಿಸಬೇಕು. ಎಲ್ಲದರ ಮಟ್ಟವೂ 50. ಒಂದೇ ಜೀವಿ ಎರಡು ಇರಬಾರದು, ಒಂದೇ ವಸ್ತುವನ್ನು ಇಬ್ಬರ ಕೈಗೆ ಕೊಡಬಾರದು. ಆರರಲ್ಲಿ ನಾಲ್ಕನ್ನು ಆರಿಸಲು 15 ದಾರಿ. ಆ ನಾಲ್ಕರಲ್ಲಿ ಯಾವ ಎರಡು ಮೊದಲು ಎಂದು ಸೇರಿಸಿದರೆ 90. ಎದುರಿನವನಿಗೂ 90. ಆಟ ಶುರುವಾಗುವ ಮೊದಲೇ ಇಷ್ಟು ಲೆಕ್ಕ. ಅಮೆರಿಕದ ರೇ ರಿಝೊ 2010, 2011, 2012 ಹೀಗೆ ಸತತ ಮೂರು ವರ್ಷ ಗೆದ್ದ. ಅದೃಷ್ಟದ ಆಟದಲ್ಲಿ ಒಬ್ಬನೇ ಮೂರು ವರ್ಷ ಗೆಲ್ಲುವುದು ಕಷ್ಟ.

ಆದರೆ ತಂಡ ಕಟ್ಟುವ ಮಾತು ಬಂದರೆ ಎಲ್ಲರೂ ಹೇಳುವುದು 2014ರ ಕಥೆ. ದಕ್ಷಿಣ ಕೊರಿಯಾದ ಸೆಜುನ್ ಪಾರ್ಕ್ ಆ ವರ್ಷ ವಾಷಿಂಗ್ಟನ್‌ನಲ್ಲಿ ಗೆದ್ದಾಗ ಅವನ ತಂಡದಲ್ಲಿ ಪಾಚಿರಿಸು ಎಂಬ ಅಳಿಲು ಇತ್ತು. ಸಣ್ಣ ಬಿಳಿ ನೀಲಿ ಅಳಿಲು, ಮಿಂಚಿನ ಟೈಪ್. ಹೊಡೆತದಲ್ಲಿ ಏನೂ ಬಲವಿಲ್ಲ. ಅಷ್ಟು ದೊಡ್ಡ ಸ್ಪರ್ಧೆಗೆ ಅದನ್ನು ತರುವವನನ್ನು ನೋಡಿ ಜನ ನಗುತ್ತಿದ್ದರು.

ಪಾರ್ಕ್‌ನ ಲೆಕ್ಕ ಹೀಗಿತ್ತು. ತಂಡದ ದೊಡ್ಡ ಯೋಧ ಗ್ಯಾರಡಾಸ್, ನೀರಿನ ಹಾವಿನಂಥ ದೈತ್ಯ. ಅದು ನೀರೂ ಹೌದು, ಹಾರುವ ಟೈಪೂ ಹೌದು, ಆದ್ದರಿಂದ ಮಿಂಚು ತಾಗಿದರೆ ನಾಲ್ಕು ಪಟ್ಟು ಪೆಟ್ಟು. ಅಳಿಲಿಗೆ ಮಿಂಚು ಬಡಿದರೆ ಪೆಟ್ಟಾಗುವುದಿಲ್ಲ, ಬದಲಿಗೆ ಪ್ರಾಣ ಏರುತ್ತದೆ, ಅದು ಅದರ ಹುಟ್ಟುಗುಣ. ಮೇಲೆ ಅದಕ್ಕೆ ಫಾಲೋ ಮಿ ಎಂಬ ಪಟ್ಟು ಬರುತ್ತದೆ: "ಹೊಡೆಯುವುದಾದರೆ ನನಗೆ ಹೊಡಿ" ಎಂದು ಎದುರಿನವರ ಹೊಡೆತವನ್ನು ತನ್ನ ಮೇಲೆ ಎಳೆದುಕೊಳ್ಳುವುದು. ಅಳಿಲಿನ ಅಭ್ಯಾಸದ ಅಂಕಗಳನ್ನು ಆತ ಹೊಡೆಯುವುದಕ್ಕೆ ಹಾಕಲೇ ಇಲ್ಲ, ಬದುಕಿ ಉಳಿಯುವುದಕ್ಕೆ ಹಾಕಿದ. ಅಳಿಲು ಪೆಟ್ಟು ತಿನ್ನುವಷ್ಟು ಹೊತ್ತು ಗ್ಯಾರಡಾಸ್ ತನ್ನ ಬಲ ಏರಿಸಿಕೊಳ್ಳುತ್ತದೆ. ಸೇತುವೆ ಕಟ್ಟುವಾಗ ಮರಳು ತಂದ ಅಳಿಲಿನ ಕಥೆ ನಮ್ಮ ಮನೆಗಳಲ್ಲಿ ಹೇಳುತ್ತಾರೆ. ಈ ಅಳಿಲು ಮರಳು ತರಲಿಲ್ಲ, ಬಂಡೆಯ ಹಾಗೆ ನಿಂತಿತು.

ಅಳಿಲನ್ನು ನೋಡಿ ಮರುದಿನ ಲೋಕವೆಲ್ಲ ಅದನ್ನೇ ತಂಡಕ್ಕೆ ಹಾಕಿಕೊಂಡಿತು, ಹೆಚ್ಚಿನವರು ಸೋತರು. ಗೆದ್ದದ್ದು ಅಳಿಲಲ್ಲ, ಅಳಿಲಿಗೆ ಜಾಗ ಇದ್ದ ತಂಡ. ಬೇರೆಯವರ ತೋಟ ನೋಡಿ ಅದೇ ಗಿಡ ತಂದು ನೆಟ್ಟರೆ ಅದೇ ಫಸಲು ಬರುತ್ತದೆಯೇ, ಮಣ್ಣು ಬೇರೆ.

ಎರಡು ವರ್ಷದ ನಂತರ, 2016ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಮೆರಿಕದ ವುಲ್ಫ್ ಗ್ಲಿಕ್ ಗೆದ್ದ. ಆ ವರ್ಷ ದೊಡ್ಡ ದೈತ್ಯರನ್ನು ಎರಡರಂತೆ ಬಿಟ್ಟಿದ್ದರು. ಅವನ ತಂಡದಲ್ಲಿ ಕ್ಯೋಗರ್ ಇತ್ತು, ಜತೆಗೆ ರಾಯ್ಚು ಎಂಬ ಮಿಂಚಿನ ಇಲಿ. ಬಂದ ಮಿಂಚನ್ನೆಲ್ಲ ತನ್ನ ಕಡೆ ಸೆಳೆದುಕೊಳ್ಳುವುದು ಆ ಇಲಿಯ ಗುಣ, ಮನೆಯ ಮೇಲೆ ನೆಟ್ಟ ಮಿಂಚುಕಂಬಿಯ ಹಾಗೆ. ಮತ್ತೆ ನೀರಿನ ದೊಡ್ಡ ಜೀವಿ, ಮತ್ತೆ ಅದನ್ನು ಕಾಯುವ ಪುಟ್ಟ ಪ್ರಾಣಿ. ನಿಯಮ ಬೇರೆ, ಜೀವಿಗಳು ಬೇರೆ, ಆದರೆ ಕಟ್ಟಿದ ಬಗೆ ಅದೇ. ಆ ತಂಡಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನಮಗೆ ಇದು ಬರೀ ಆಕಸ್ಮಿಕ ಅನ್ನಿಸುವುದಿಲ್ಲ.

ಈಗ ಹಿರಿಯರ ಪ್ರಶ್ನೆಗೆ ಬರೋಣ.

ಆಟದಲ್ಲಿ ಅದೃಷ್ಟ ಇಲ್ಲವೇ? ಇದೆ. ನೂರಕ್ಕೆ ತೊಂಬತ್ತು ತಾಗುವ ಪಟ್ಟು ಹತ್ತಕ್ಕೊಂದು ಸಲ ತಪ್ಪುತ್ತದೆ. ಮರ್ಮದ ಹೊಡೆತ ಈಗ 24ಕ್ಕೆ ಒಂದು. ಒಳ್ಳೆಯ ಆಟಗಾರನೂ ಅದರಿಂದ ಸೋಲುತ್ತಾನೆ. ಆದರೆ ಸಮತೋಲನದ ತಂಡ ಎಂಬುದರ ಅರ್ಧ ಕೆಲಸವೇ ಅದೃಷ್ಟದ ಬಾಯಿ ಕಟ್ಟುವುದು. ಒಂದು ಹೊಡೆತ ತಪ್ಪಿದರೆ ಪೂರ್ತಿ ಆಟ ಹೋಗದ ಹಾಗೆ ಇನ್ನೊಬ್ಬನನ್ನು ಹಿಂದೆ ಇಟ್ಟಿರುವುದು. ಜೂಜಿನಲ್ಲಿ ಇಂಥದ್ದು ಯಾವುದೂ ಇಲ್ಲ. ಅಲ್ಲಿ ನಿಮ್ಮ ಕೈಲಿರುವುದು ಎಷ್ಟು ದುಡ್ಡು ಹಾಕಬೇಕು ಎಂಬುದು ಮಾತ್ರ.

ಕಾನೂನು ಕೂಡ ಈ ಗೆರೆ ಎಳೆಯಲು ಒದ್ದಾಡಿದೆ. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಕೌಶಲದ ಆಟ, ಅದೃಷ್ಟದ ಆಟ ಎಂಬ ಭೇದ ಮಾಡಿಲ್ಲ ಎಂದು ಹೈಕೋರ್ಟ್ 2022ರ ಫೆಬ್ರವರಿ 14ರಂದು ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಆಮೇಲೆ ಸಂಸತ್ತು ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದು ಬೇರೆ ಗೆರೆ ಎಳೆಯಿತು. ಕೌಶಲವೋ ಅದೃಷ್ಟವೋ ಎಂದು ಕೇಳಲಿಲ್ಲ, ಗೆದ್ದರೆ ದುಡ್ಡು ಬರುತ್ತದೆಂದು ಆಟಗಾರ ದುಡ್ಡು ಕಟ್ಟುತ್ತಾನೆಯೇ ಎಂದು ಕೇಳಿತು. ಕಟ್ಟಿದರೆ ನಿಷೇಧ. ಇ-ಸ್ಪೋರ್ಟ್ಸ್‌ಗೆ, ಅಂದರೆ ಸ್ಪರ್ಧೆಯಾಗಿ ಆಡುವ ವಿಡಿಯೊ ಗೇಮಿಗೆ, ಬೇರೆ ಮಾನ್ಯತೆ. ಮನೆಯಲ್ಲಿ ಕೇಳುವ ಪ್ರಶ್ನೆಯೂ ಸಂಸತ್ತಿನ ಪ್ರಶ್ನೆಯೂ ಒಂದೇ ಆಯಿತು.

ಆದರೂ ದುಡ್ಡಿನ ಮಾತು ಇನ್ನೊಂದು ದಾರಿಯಲ್ಲಿ ಬರುತ್ತದೆ. ಅಧಿಕೃತ ಸ್ಪರ್ಧೆ ಆಡಲು ಇಷ್ಟು ವರ್ಷ ನಿಂಟೆಂಡೊ ಯಂತ್ರ ಬೇಕಿತ್ತು. ಯಂತ್ರ, ಆಟ ಎರಡೂ ಸೇರಿದರೆ ಸಣ್ಣ ಹಿಡುವಳಿಯ ಮನೆಗೆ ಅದು ಸಣ್ಣ ಮೊತ್ತವಲ್ಲ. ಯಂತ್ರ ಇದ್ದರೂ ಆರು ಜೀವಿಗಳನ್ನು ಹಿಡಿದು, ಸಾಕಿ, ಅಂಕ ಹಂಚಿ ಸಿದ್ಧ ಮಾಡಲು ಬೇಕಾದಷ್ಟು ಹೊತ್ತು ಬೇಕು. ಹೊತ್ತು ಇಲ್ಲದವರು ಕಂಪ್ಯೂಟರಿನಲ್ಲಿ ತಯಾರು ಮಾಡಿದ ಜೀವಿಗಳನ್ನು ತಂದು ಆಡುತ್ತಿದ್ದರು. 2023ರ ಆಗಸ್ಟ್‌ನಲ್ಲಿ ಜಪಾನಿನ ಯೊಕೊಹಾಮದಲ್ಲಿ ನಡೆದ ವಿಶ್ವ ಸ್ಪರ್ಧೆಯಲ್ಲಿ ಇಂಥ ಜೀವಿಗಳನ್ನು ಪತ್ತೆಮಾಡಿ ಹಲವರನ್ನು ಹೊರಗೆ ಹಾಕಿದರು. ತಪ್ಪು ತಪ್ಪೇ. ಆದರೆ ಜೀವಿ ಸಾಕುವುದು ಒಂದು ಕೆಲಸ, ತಂಡ ಯೋಚಿಸುವುದು ಇನ್ನೊಂದು ಕೆಲಸ ಎಂಬ ವಾದ ಅಂದಿನಿಂದ ಜೋರಾಯಿತು.

ಎರಡನೆಯದನ್ನು ಮಾತ್ರ ಮಾಡಬೇಕೆಂದವರಿಗೆ ದಾರಿ ಮೊದಲೇ ಇತ್ತು. ಗ್ವಾಂಗ್‌ಕಾಂಗ್ ಲುವೊ ಎಂಬ ಪ್ರೋಗ್ರಾಮರ್ 2011ರಲ್ಲಿ ತೆರೆದ ಪೋಕೆಮಾನ್ ಶೋಡೌನ್ ಫೋನಿನ ಬ್ರೌಸರ್‌ನಲ್ಲೇ ನಡೆಯುತ್ತದೆ. ದುಡ್ಡಿಲ್ಲ, ಯಂತ್ರ ಬೇಡ. ಯಾವ ಜೀವಿ ಬೇಕೋ ಆರಿಸಿ, ಅಂಕ ಹಂಚಿ, ಆ ಕ್ಷಣವೇ ಲೋಕದ ಯಾವ ಮೂಲೆಯವರ ಜತೆಗಾದರೂ ಆಡಬಹುದು. ಹೆಚ್ಚು ಡೇಟಾ ತಿನ್ನುವುದಿಲ್ಲ, ನೆಟ್‌ವರ್ಕ್ ಎರಡು ಕಡ್ಡಿ ಇದ್ದರೂ ಸಾಗುತ್ತದೆ. ಗುಡ್ಡದ ಮೇಲೆ ಹೋಗಿ ನಿಂತು ಫೋನ್ ಮಾಡುವ ನಮ್ಮ ಊರುಗಳಿಗೆ ಇದು ಸಣ್ಣ ಮಾತಲ್ಲ. 2025ರ ಫೆಬ್ರವರಿಯಲ್ಲಿ ಕಂಪನಿಯೇ ಪೋಕೆಮಾನ್ ಚಾಂಪಿಯನ್ಸ್ ಎಂಬ, ಕಾಳಗಕ್ಕೆಂದೇ ಮಾಡಿದ ಆಟವನ್ನು ಘೋಷಿಸಿತು. ಅದು ಯಂತ್ರಕ್ಕೂ ಬರುತ್ತದೆ, ಫೋನಿಗೂ ಬರುತ್ತದೆ ಎಂದು ಆಗ ಹೇಳಿತ್ತು.

ಈಗ ಜೀವಿಗಳ ಸಂಖ್ಯೆ 1025. ಕಾಳಗದ ನಡುವೆ ಜೀವಿಯ ಟೈಪನ್ನೇ ಬದಲಾಯಿಸುವ ಉಪಾಯ 2022ರಲ್ಲಿ ಬಂದ ಸ್ಕಾರ್ಲೆಟ್ ಮತ್ತು ವಯಲೆಟ್ ಆಟಗಳಲ್ಲಿ ಸೇರಿದೆ. ಬೆಂಕಿಯ ಜೀವಿ ನೀರು ಸುರಿಯುವ ಹೊತ್ತಿಗೆ ಹುಲ್ಲಾಗಿಬಿಡಬಹುದು. ದೊಡ್ಡ ಸ್ಪರ್ಧೆಗಳಲ್ಲಿ ಈಗ ಇನ್ನೊಂದು ಪದ್ಧತಿ ಇದೆ: ಆಟ ಶುರುವಾಗುವ ಮೊದಲು ಇಬ್ಬರೂ ತಮ್ಮ ಆರು ಜೀವಿಗಳ ಪಟ್ಟಿಯನ್ನು, ಪಟ್ಟು ಮತ್ತು ವಸ್ತು ಸಮೇತ, ಎದುರಿನವರ ಕೈಗೆ ಕೊಡುತ್ತಾರೆ. ಬಚ್ಚಿಟ್ಟ ಅಸ್ತ್ರ ಇಲ್ಲ. ಅಂಕಗಳನ್ನು ಹೇಗೆ ಹಂಚಿದ್ದಾರೆ ಎಂಬುದು ಮಾತ್ರ ಪಟ್ಟಿಯಲ್ಲಿ ಇರುವುದಿಲ್ಲ. ಇಬ್ಬರೂ ಒಂದೆರಡು ನಿಮಿಷ ಪಟ್ಟಿ ಓದುತ್ತಾರೆ, ನಾಲ್ಕನ್ನು ಆರಿಸುತ್ತಾರೆ, ಆಮೇಲೆ ಆಟ.